ಬಾಡಿಗೆ ಆದಾಯ ಮಾಡ್ಕೊಳ್ಳೋದು ಹೇಗೆ? ಮೊದಲ ಸಲ ಕೈ ಹಾಕುವವರಿಗೆ ಹಂತ ಹಂತದ ಮಾರ್ಗದರ್ಶಿ

"ಸಂಬಳ ಬಿಟ್ಟು ತಿಂಗಳಿಗೆ ಹದಿನೈದು ಸಾವಿರ ಬಾಡಿಗೆ ಬರೋ ಹಾಗೆ ಮಾಡ್ಕೋಬೇಕು, ಎಲ್ಲಿಂದ ಶುರು ಮಾಡ್ಲಿ?" ಈ ಪ್ರಶ್ನೆ ತುಂಬಾ ಜನ ಕೇಳುತ್ತಿದ್ದೀರಿ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆದವರು, ನಿವೃತ್ತಿ ದುಡ್ಡು ಕೈಗೆ ಬಂದವರು, ಗಲ್ಫ್‌ನಲ್ಲಿ ಇದ್ದುಕೊಂಡು ಊರಲ್ಲಿ ಏನಾದರೂ ಮಾಡಬೇಕು ಅನ್ನುವವರು, ಎಲ್ಲರದ್ದೂ ಇದೇ ಪ್ರಶ್ನೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಲೆಕ್ಕಗಳು ಕರ್ನಾಟಕದ್ದು, ಅದರಲ್ಲೂ ಬೆಂಗಳೂರಿನದು ಜಾಸ್ತಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಪ್ಯಾಸಿವ್ ಇನ್‌ಕಮ್ ಅಂದರೆ ದಿನಾ ದುಡಿಯದಿದ್ದರೂ ಬರುವ ಆದಾಯ. ಬಾಡಿಗೆ ಅಂಥ ಆದಾಯವೇ, ಆದರೆ ಪೂರ್ತಿ ಸುಮ್ನೆ ಕೂತು ಬರುವುದಲ್ಲ. ವರ್ಷಕ್ಕೆ ಕೆಲವು ಸಲ ಮೋಟರ್ ಕೆಡುತ್ತದೆ, ಬಾಡಿಗೆಯವರು ಬದಲಾಗುತ್ತಾರೆ, ತೆರಿಗೆ ಕಟ್ಟಬೇಕು. ಹಾಗೆಯೇ ಸೈಟು ತಗೊಂಡು ಬೆಲೆ ಏರಲಿ ಅಂತ ಕಾಯುವುದು ಬೇರೆ, ಬಾಡಿಗೆ ಆದಾಯ ಬೇರೆ. ಖಾಲಿ ಸೈಟು ತಿಂಗಳಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅದಕ್ಕೆ ನೀವೇ ತೆರಿಗೆ ಕಟ್ಟಿ, ಬೇಲಿ ಹಾಕಿ ಕಾಯಬೇಕು. ಈ ಲೇಖನ ಬಾಡಿಗೆಯ ಬಗ್ಗೆ ಮಾತ್ರ.

ಹಂತ 1: ಕೈಯಲ್ಲಿ ಏನಿದೆ ನೋಡಿಕೊಳ್ಳಿ

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಪಕ್ಕಕ್ಕಿರಲಿ. ಆರೋಗ್ಯ ವಿಮೆ ಇರಲಿ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಮನೆ, ಫ್ಲಾಟು ಬೇಕು ಅಂದಾಗ ಬೇಗ ಮಾರಾಟ ಆಗುವ ವಸ್ತುಗಳಲ್ಲ. ಅವಸರಕ್ಕೆ ಮಾರಲು ಹೊರಟರೆ ಕೊಳ್ಳುವವರು ಅದನ್ನು ತಿಳಿದುಕೊಂಡೇ ಬೆಲೆ ಕೇಳುತ್ತಾರೆ. ಹತ್ತು ವರ್ಷ ಮುಟ್ಟದೆ ಇಡಬಲ್ಲ ದುಡ್ಡನ್ನು ಮಾತ್ರ ಇಲ್ಲಿ ಹಾಕಿ.

ಹಂತ 2: ದಾರಿ ಆರಿಸಿಕೊಳ್ಳಿ, ಆದರೆ ಲೆಕ್ಕ ಹಾಕಿ

ಬಹಳ ಜನ ತಪ್ಪುವುದು ಇಲ್ಲೇ. "ಬಾಡಿಗೆಯಲ್ಲೇ ಇಎಂಐ ಹೋಗುತ್ತೆ" ಅಂತ ಯಾರೋ ಹೇಳುತ್ತಾರೆ, ನಾವು ನಂಬುತ್ತೇವೆ. ಒಂದು ಸಲ ಪೆನ್ನು ಹಿಡಿದು ಕೂತು ನೋಡೋಣ.

ಬೆಂಗಳೂರಿನ ಹೊರವಲಯದಲ್ಲಿ 60 ಲಕ್ಷಕ್ಕೆ ಒಂದು ಎರಡು ಬೆಡ್‌ರೂಮ್ ಫ್ಲಾಟು ಅಂದುಕೊಳ್ಳಿ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 4.56 ಲಕ್ಷ. ಬೀರು, ಬಣ್ಣ, ಸಣ್ಣಪುಟ್ಟ ಕೆಲಸಕ್ಕೆ 2 ಲಕ್ಷ ಇಟ್ಟುಕೊಳ್ಳಿ. ಮನೆ ಬಾಡಿಗೆಗೆ ಸಿದ್ಧವಾಗುವ ಹೊತ್ತಿಗೆ 66.56 ಲಕ್ಷ ಖರ್ಚಾಗಿರುತ್ತದೆ.

ಬಾಡಿಗೆ ತಿಂಗಳಿಗೆ 20,000 ಅಂದರೆ ವರ್ಷಕ್ಕೆ 2.4 ಲಕ್ಷ. ಇದರಲ್ಲಿ ಒಂದು ತಿಂಗಳು ಮನೆ ಖಾಲಿ ಅಂತ 20,000 ಕಳೆಯಿರಿ. ಮೆಂಟೆನೆನ್ಸ್ ತಿಂಗಳಿಗೆ 3,000ದಂತೆ 36,000, ಆಸ್ತಿ ತೆರಿಗೆ 8,000, ರಿಪೇರಿಗೆ 15,000. ಕೈಯಲ್ಲಿ ಉಳಿಯುವುದು 1.61 ಲಕ್ಷ. ಹಾಕಿದ ದುಡ್ಡಿಗೆ 2.4% ಆಯಿತು. ಬ್ಯಾಂಕ್ ಎಫ್‌ಡಿ ಬಡ್ಡಿಗಿಂತ ಎಷ್ಟೋ ಕಡಿಮೆ, ಅಲ್ವಾ?

ಸಾಲ ಮಾಡಿದರಂತೂ ಕೇಳಲೇಬೇಡಿ. 48 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 41,650. ಖರ್ಚು ಕಳೆದು ಬಾಡಿಗೆಯಿಂದ ಬರುವುದು ತಿಂಗಳಿಗೆ 13,400. ಪ್ರತಿ ತಿಂಗಳೂ 28,000ಕ್ಕಿಂತ ಜಾಸ್ತಿ ನಿಮ್ಮ ಸಂಬಳದಿಂದಲೇ ಹೋಗುತ್ತದೆ. ಫ್ಲಾಟಿನ ಬೆಲೆ ಏರಬಹುದು, ಅದು ನಿಜ. ಆದರೆ ಅದು ಮಾರಿದಾಗ ಸಿಗುವ ದುಡ್ಡು, ತಿಂಗಳ ಆದಾಯ ಅಲ್ಲ.

ಈಗ ಇನ್ನೊಂದು ದಾರಿ ನೋಡಿ. ನಿಮ್ಮದೋ ಅಪ್ಪ ಅಮ್ಮನದೋ ಸ್ವಂತ ಮನೆಯಿದೆ, ಮೇಲೆ ಕಟ್ಟಲು ಜಾಗವಿದೆ. ಎಂಟು ಚದರದ ಒಂದು ಮಹಡಿ ಎಬ್ಬಿಸುತ್ತೀರಿ. ಮೇಸ್ತ್ರಿಗಳ ಲೆಕ್ಕದಲ್ಲಿ ಒಂದು ಚದರ ಅಂದರೆ 100 ಚದರ ಅಡಿ. ಚದರಕ್ಕೆ 2.2 ಲಕ್ಷ ಹಿಡಿದರೆ 17.6 ಲಕ್ಷ. ಒಂದು ಬೆಡ್‌ರೂಮಿನ ಎರಡು ಮನೆ ಮಾಡಿ ತಲಾ 8,000ಕ್ಕೆ ಕೊಟ್ಟರೆ ವರ್ಷಕ್ಕೆ 1.92 ಲಕ್ಷ. ಖಾಲಿ ಬಿದ್ದದ್ದು, ತೆರಿಗೆ, ರಿಪೇರಿ ಅಂತ 30,000 ಕಳೆದರೂ 1.62 ಲಕ್ಷ ಉಳಿಯುತ್ತದೆ.

66 ಲಕ್ಷದ ಫ್ಲಾಟು ಕೊಡುವುದೂ ಅಷ್ಟೇ, 17.6 ಲಕ್ಷದ ಮಹಡಿ ಕೊಡುವುದೂ ಅಷ್ಟೇ. ಫ್ಲಾಟಿಗೆ ಸಾಲ ಬಿಟ್ಟು ನೀವು ಕೈಯಿಂದ ಹಾಕುವ ದುಡ್ಡೇ 18.56 ಲಕ್ಷ. ಅಷ್ಟರಲ್ಲಿ ಇಲ್ಲಿ ಇಡೀ ಮಹಡಿ ಎದ್ದು ನಿಲ್ಲುತ್ತದೆ, ಸಾಲವೂ ಇಲ್ಲ. ಕಾರಣ ಏನೂ ಗುಟ್ಟಲ್ಲ: ಫ್ಲಾಟಿನ ಬೆಲೆಯಲ್ಲಿ ಜಾಗದ ಬೆಲೆಯೂ ಇದೆ, ಇಲ್ಲಿ ಜಾಗದ ದುಡ್ಡನ್ನು ಮನೆಯವರು ಎಂದೋ ಕೊಟ್ಟಾಗಿದೆ. ಹಾಗಾಗಿ ನನ್ನನ್ನು ಕೇಳಿದರೆ, ಸ್ವಂತ ಮನೆ ಇರುವವರು ಹೊಸ ಆಸ್ತಿ ಹುಡುಕುವ ಮೊದಲು ತಮ್ಮ ತಾರಸಿ ಹತ್ತಿ ನೋಡಬೇಕು.

ಹಾಗಂತ ನಾಳೆಯೇ ಇಟ್ಟಿಗೆ ಇಳಿಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಪಿಲ್ಲರು ಮತ್ತು ಪಾಯ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕುವವರು, ಅವರನ್ನು ಕರೆಸಿ ನೋಡಿಸಿ. ತಾರಸಿ ಮೇಲೆ ಕಬ್ಬಿಣದ ರಾಡು ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಇನ್ನೊಂದು ಮಹಡಿ ತಡೆಯುತ್ತದೆ ಅಂತಲ್ಲ. ನಕ್ಷೆಗೆ ಮಂಜೂರಾತಿ ತಗೊಳ್ಳಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಕಟ್ಟಡ ನಕ್ಷೆಯಂತೆ ಮುಗಿದಿದೆ ಅಂತ ಸ್ಥಳೀಯ ಸಂಸ್ಥೆ ಕೊಡುವ ಓಸಿ ಇಲ್ಲದಿದ್ದರೆ ಕರೆಂಟಿನ ಹೊಸ ಸಂಪರ್ಕಕ್ಕೇ ತೊಂದರೆ ಆಗುತ್ತಿದೆ. ನಿಮ್ಮ ಅಳತೆಯ ಮನೆಗೆ ಯಾವ ನಿಯಮ ಅಂತ ಕಟ್ಟುವ ಮೊದಲೇ ವಿಚಾರಿಸಿ. ಮತ್ತೆ, ಮನೆ ಅಪ್ಪನ ಹೆಸರಲ್ಲಿದ್ದು ದುಡ್ಡು ನಿಮ್ಮದಾದರೆ, ಅಣ್ಣ ತಮ್ಮ ಅಕ್ಕ ತಂಗಿಯರ ಜೊತೆ ಕೂತು ಮಾತಾಡಿ, ಯಾರಿಗೆ ಏನು ಅಂತ ವಕೀಲರ ಹತ್ತಿರ ಬರೆಸಿಕೊಳ್ಳಿ. ಮುಜುಗರ ಅನ್ನಿಸಬಹುದು. ಆದರೂ ಇದನ್ನು ಬಿಡಬೇಡಿ.

ಅಂಗಡಿ ಮಳಿಗೆಗೆ ಬಾಡಿಗೆ ಸಾಮಾನ್ಯವಾಗಿ ಮನೆಗಿಂತ ಚೆನ್ನಾಗಿ ಬರುತ್ತದೆ, ಆದರೆ ಖಾಲಿಯಾದರೆ ತಿಂಗಳುಗಟ್ಟಲೆ ಖಾಲಿ. ಮೊದಲ ಹೂಡಿಕೆಗೆ ನಾನು ಹೇಳುವುದಿಲ್ಲ. ಪಿಜಿ ನಡೆಸುವುದು ಅಡುಗೆಯವರು, ನೀರು, ಲೈಸೆನ್ಸು ಎಲ್ಲ ಇರುವ ಪೂರ್ತಿ ವ್ಯಾಪಾರ. ಅದು ಇಲ್ಲಿನ ವಿಷಯವೇ ಅಲ್ಲ.

ಮನೆಯೂ ಇಲ್ಲ, ಲಕ್ಷಗಟ್ಟಲೆ ದುಡ್ಡೂ ಇಲ್ಲ ಅನ್ನುವವರಿಗೆ ರೀಟ್ ಇದೆ. ಬಹಳ ಜನರ ದುಡ್ಡು ಸೇರಿಸಿ ದೊಡ್ಡ ಆಫೀಸು, ಮಾಲ್‌ಗಳನ್ನು ಇಟ್ಟುಕೊಂಡು ಬಾಡಿಗೆಯನ್ನು ಹಂಚುವ ಟ್ರಸ್ಟ್ ಇದು. ಷೇರಿನ ಹಾಗೆ ಡಿಮ್ಯಾಟ್ ಖಾತೆಯಲ್ಲಿ ಒಂದೊಂದೇ ಯೂನಿಟ್ ಕೊಳ್ಳಬಹುದು, ನೂರರ ಲೆಕ್ಕದ ರೂಪಾಯಿ ಸಾಕು. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಹಂಚಬಹುದಾದ ಹಣದಲ್ಲಿ 90% ಆದರೂ ಹೂಡಿಕೆದಾರರಿಗೆ ಕೊಡಲೇಬೇಕು. ದೇಶದ ಮೊದಲ ರೀಟ್ ಎಂಬೆಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ಷೇರುಪೇಟೆಗೆ ಬಂತು, ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. 2023ರಲ್ಲಿ ಬಂದ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಮಾಲ್‌ಗಳದ್ದು. ಕೋರಮಂಗಲ, ಮೈಸೂರು, ಮಂಗಳೂರಿನ ಮಾಲ್‌ಗಳೂ ಅದರಲ್ಲಿವೆ. ಬಾಡಿಗೆಯವರ ಫೋನಿಲ್ಲ, ಮೋಟರ್ ರಿಪೇರಿಯಿಲ್ಲ. ಆದರೆ ಯೂನಿಟ್ ಬೆಲೆ ದಿನಾ ಏರಿಳಿಯುತ್ತದೆ, ಹಂಚುವ ಮೊತ್ತವೂ ಒಂದೇ ಥರ ಇರುವುದಿಲ್ಲ.

ಹಂತ 3: ಜಾಗ ನೋಡುವಾಗ

ಬಾಡಿಗೆಗೆ ಬರುವವರ ಕಣ್ಣಲ್ಲಿ ನೋಡಿ. ಅವರಿಗೆ ಕೆಲಸದ ಜಾಗ, ಬಸ್ಸು ಅಥವಾ ಮೆಟ್ರೋ, ಮಕ್ಕಳ ಶಾಲೆ, ನೀರು ಮುಖ್ಯ. ಮುಂದೆ ಇಲ್ಲಿ ರಿಂಗ್ ರೋಡ್ ಬರುತ್ತದೆ ಅನ್ನುವುದರಿಂದ ಈ ತಿಂಗಳ ಬಾಡಿಗೆ ಏರುವುದಿಲ್ಲ. ಬೆಂಗಳೂರಿನಲ್ಲಾದರೆ ಕಾವೇರಿ ನೀರಿನ ಸಂಪರ್ಕ ಇದೆಯಾ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಬೋರ್‌ವೆಲ್ ಬೇಸಿಗೆಯಲ್ಲೂ ಬರುತ್ತಾ ಅಂತ ಕೇಳಿ. ಕೇಳಬೇಕಾದ್ದು ಮಾರುವವರನ್ನಲ್ಲ, ಅಕ್ಕಪಕ್ಕದವರನ್ನು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಬಡಾವಣೆಗಳು ಎಷ್ಟೋ ಇವೆ.

ಬೆಂಗಳೂರೇ ಬೇಕು ಅಂತೇನಿಲ್ಲ. ಮಣಿಪಾಲ, ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜಿನ ಸುತ್ತ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ನಿಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ಹೋಗಿ ಬರಬಹುದಾದ ಜಾಗ ಮೊದಲ ಸಲಕ್ಕೆ ಒಳ್ಳೆಯದು.

ಹಂತ 4: ಕಾಗದಪತ್ರ

ಇಲ್ಲಿ ಅವಸರ ಮಾಡಿದವರು ಬಾಡಿಗೆ ಎಣಿಸುವ ಬದಲು ಕೋರ್ಟ್ ವಾಯಿದೆ ಎಣಿಸಬೇಕಾಗುತ್ತದೆ. ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಎಲ್ಲ ಪತ್ರಗಳ ಜೆರಾಕ್ಸ್ ತಗೊಳ್ಳಿ. "ಮೊದಲು ಅಡ್ವಾನ್ಸ್ ಕೊಡಿ, ಆಮೇಲೆ ಪತ್ರ ತೋರಿಸ್ತೀವಿ" ಅಂದರೆ ಎದ್ದು ಬನ್ನಿ.

ಮೂಲಪತ್ರ: ಮದರ್ ಡೀಡ್ ಅನ್ನುತ್ತಾರಲ್ಲ, ಅದು. ಆಸ್ತಿ ಮೊದಲು ಯಾರದ್ದು, ಅಲ್ಲಿಂದ ಯಾರಿಗೆ ಹೇಗೆ ಬಂತು ಅನ್ನುವ ಸರಪಳಿ ಎಲ್ಲೂ ತುಂಡಾಗಿರಬಾರದು. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ವಕೀಲರಿಗೆ ಬೇರೆಯಾಗಿ ಹೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ನಿಲ್ಲುವುದಿಲ್ಲ.

ಇಸಿ: ಋಣಭಾರ ಪ್ರಮಾಣಪತ್ರ. ಆಸ್ತಿ ಮೇಲೆ ನೋಂದಣಿಯಾದ ಮಾರಾಟ, ಅಡಮಾನ, ದಾನ ಎಲ್ಲ ಇದರಲ್ಲಿ ಸಾಲಾಗಿ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ. ಮಾರುವವರು ಕೊಟ್ಟ ಪ್ರತಿಯನ್ನು ನಂಬಿ ಕೂರಬೇಡಿ. ಹಳೆಯ ವರ್ಷಗಳ ದಾಖಲೆಗೆ ಉಪನೋಂದಣಿ ಕಚೇರಿಗೇ ಹೋಗಬೇಕಾಗಬಹುದು. 30 ವರ್ಷದ್ದು ನೋಡುವುದು ವಾಡಿಕೆ. ಓದುವಾಗ ಒಂದು ಕೆಲಸ ಮಾಡಿ: ಅಡಮಾನ ಅಂತ ಇರುವ ಪ್ರತಿ ಸಾಲಿಗೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಕೆಳಗೆ ಅದರ ಬಿಡುಗಡೆಯ ಸಾಲು ಹುಡುಕಿ. ಜೋಡಿ ಸಿಗದಿದ್ದರೆ ಸಾಲ ಇನ್ನೂ ತೀರಿಲ್ಲ ಅಂತಲೇ ಅಂದುಕೊಂಡು ಕೇಳಿ. ನೋಂದಣಿಯಾಗದ ಕರಾರು, ಕೋರ್ಟ್ ಕೇಸು, ಮನೆಯೊಳಗಿನ ಪಾಲಿನ ಜಗಳ ಇಸಿಯಲ್ಲಿ ಕಾಣುವುದಿಲ್ಲ, ಇದು ನೆನಪಿರಲಿ.

ಖಾತೆ: ತೆರಿಗೆ ಯಾರ ಹೆಸರಿಗೆ ಅನ್ನುವ ದಾಖಲೆ. ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ, ನಮೂನೆ 9 ಮತ್ತು 11ಎ ನೋಡಿ, 11ಬಿ ಇದ್ದರೆ ಬಡಾವಣೆಗೆ ಸರಿಯಾದ ಅನುಮೋದನೆ ಇಲ್ಲದಿರಬಹುದು. ಅನುಮೋದನೆ ಸರಿಯಿಲ್ಲದ ಆಸ್ತಿಗೆ ಕೊಡುವ ಬಿ ಖಾತಾವನ್ನು, ಎಲ್ಲ ಸರಿಯಿರುವ ಆಸ್ತಿಯ ಎ ಖಾತಾ ಮಾಡಿಕೊಡಲು ಸರ್ಕಾರ 2025ರಲ್ಲಿ ಯೋಜನೆ ತಂದಿದೆ. "ಹೇಗಿದ್ರೂ ಎ ಖಾತಾ ಆಗುತ್ತೆ ಬಿಡಿ" ಅಂತ ಮಾರುವವರು ಹೇಳಿದರೆ, ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಅನ್ನಿ.

ಚೆಕ್ಕುಬಂದಿ: ಪತ್ರದಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಅಂತ ಬರೆದಿರುವುದು. ಟೇಪು ಹಿಡಿದು ಸ್ಥಳಕ್ಕೆ ಹೋಗಿ. ನಾಲ್ಕೂ ಕಡೆ ಅಳೆಯಿರಿ. ಪತ್ರದಲ್ಲಿ 30 ಅಡಿ, ನೆಲದಲ್ಲಿ 28 ಅಡಿ ಇರುವುದು ನೀವಂದುಕೊಂಡಷ್ಟು ಅಪರೂಪವಲ್ಲ.

ಪಿತ್ರಾರ್ಜಿತ ಆಸ್ತಿಯಾಗಿದ್ದರೆ ವಂಶವೃಕ್ಷ ಕೇಳಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ಮದುವೆಯಾಗಿ ಹೋದ ಅಕ್ಕಂದಿರ ಸಹಿ ಬೇಡ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬರೀ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಆಸ್ತಿ ಕೊಳ್ಳಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸ ಅಪಾರ್ಟ್‌ಮೆಂಟ್ ಆದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ನೋಡಿ. ರೇರಾ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ 10%ಗಿಂತ ಜಾಸ್ತಿ ಕೇಳುವ ಹಾಗಿಲ್ಲ. "ಪ್ರೀ ಲಾಂಚ್ ಆಫರ್", "ಖಚಿತ ಬಾಡಿಗೆ 12%" ಅನ್ನುವ ಜಾಹೀರಾತು ಕಂಡರೆ, ಆ ಖಚಿತ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿ. ಎಷ್ಟೋ ಸಲ ನೀವು ಜಾಸ್ತಿ ಕೊಟ್ಟ ಬೆಲೆಯೇ ಒಂದೆರಡು ವರ್ಷ ಬಾಡಿಗೆಯ ಹೆಸರಲ್ಲಿ ವಾಪಸ್ ಬರುತ್ತಿರುತ್ತದೆ.

ಕೊನೆಗೆ ವಕೀಲರು. ಬ್ರೋಕರ್ ಪರಿಚಯದವರು ಬೇಡ, ನೀವೇ ಫೀಸು ಕೊಟ್ಟು ನೇಮಿಸಿದವರು ಬೇಕು.

ವಿದೇಶದಲ್ಲಿರುವವರಿಗೆ ಒಂದು ಮಾತು. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದರೆ ಎನ್‌ಆರ್‌ಐಗಳಿಗೆ ಅದು ಅನ್ವಯಿಸುವುದಿಲ್ಲ. ವಿದೇಶಿ ವಿನಿಮಯ ನಿಯಮದ ಪ್ರಕಾರ ಅವರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಮನೆ, ಫ್ಲಾಟು, ಅಂಗಡಿಗೆ ಅಡ್ಡಿಯಿಲ್ಲ.

ಹಂತ 5: ಸಾಲ ಮತ್ತು ನೋಂದಣಿ

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ 90%, 75 ಲಕ್ಷದವರೆಗೆ 80%, ಅದಕ್ಕೂ ಮೇಲೆ 75% ತನಕ ಮಾತ್ರ ಸಾಲ ಸಿಗುತ್ತದೆ. ಸಿಗುತ್ತದೆ ಅಂತ ಅಷ್ಟೂ ತಗೊಳ್ಳಬೇಡಿ. ಬಾಡಿಗೆ ಆದಾಯಕ್ಕೆಂದೇ ಕೊಳ್ಳುವುದಾದರೆ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಾಲ ಬೇಡ ಅನ್ನುವುದು ನನ್ನ ಲೆಕ್ಕ, ಆಗ ಮಾತ್ರ ಬಾಡಿಗೆ ಮತ್ತು ಇಎಂಐ ಹತ್ತಿರ ಹತ್ತಿರ ಬರುತ್ತವೆ. ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ. ಬೋನಸ್ಸೋ ಅಡಿಕೆ ದುಡ್ಡೋ ಬಂದಾಗ ಅಸಲಿಗೆ ಕಟ್ಟಿ.

ಕ್ರಯದ ಮೊತ್ತ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವ ನೀವೇ 1% ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. "ಅರ್ಧ ಕ್ಯಾಶ್ ಕೊಡಿ" ಅಂದರೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚಿನ ನಗದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಈಗ ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿದರೆ ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಕಾಣಿಸಿ ತೆರಿಗೆ ನಿಮಗೇ ಬೀಳುತ್ತದೆ.

ಹಂತ 6: ಬಾಡಿಗೆಯವರು, ಕರಾರು, ಅಡ್ವಾನ್ಸ್

ಯಾರಿಗೆ ಕೊಡಬೇಕು? ಕೆಲಸ ಎಲ್ಲಿ, ಹಿಂದಿನ ಮನೆ ಯಾಕೆ ಬಿಟ್ಟರು, ಹಿಂದಿನ ಮಾಲೀಕರ ನಂಬರ್ ಕೊಡುತ್ತಾರಾ, ಇಷ್ಟು ಕೇಳಿ. ಜಾತಿ, ಊಟದ ಪದ್ಧತಿ ಕೇಳಿ ಮನೆ ಕೊಡುವ ಅಭ್ಯಾಸ ದಯವಿಟ್ಟು ಬಿಟ್ಟುಬಿಡಿ. ಅದು ತಪ್ಪು, ಜೊತೆಗೆ ಹೊತ್ತಿಗೆ ಸರಿಯಾಗಿ ಬಾಡಿಗೆ ಕಟ್ಟುವ ಒಳ್ಳೆಯ ಕುಟುಂಬಗಳನ್ನು ನೀವೇ ದೂರ ಕಳಿಸಿದಂತೆ. ಗುರುತಿನ ಚೀಟಿ ಪ್ರತಿ ತಗೊಳ್ಳಿ, ಪೊಲೀಸ್ ಪರಿಶೀಲನೆ ಮಾಡಿಸಿ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ, ಯಾಕೆಂದರೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ, ವರ್ಷಕ್ಕೆ ಎಷ್ಟು ಏರಿಕೆ, ಬಿಡುವ ಮೊದಲು ಎಷ್ಟು ತಿಂಗಳ ನೋಟಿಸ್, ನೀರು ಮತ್ತು ಮೆಂಟೆನೆನ್ಸ್ ಯಾರದ್ದು, ಬಣ್ಣಕ್ಕೆ ಎಷ್ಟು ಕಳೆಯುತ್ತೀರಿ, ಎಲ್ಲ ಬರವಣಿಗೆಯಲ್ಲಿರಲಿ. ಮನೆ ಕೊಡುವ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡುಗಳ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಂಡರೆ ಬಿಡುವ ದಿನದ ಜಗಳ ಅರ್ಧ ಕಡಿಮೆಯಾಗುತ್ತದೆ.

ಪ್ರತಿ ಮನೆಗೂ ಬೇರೆ ಕರೆಂಟ್ ಮೀಟರ್ ಹಾಕಿಸಿ. ಪ್ರತ್ಯೇಕ ಆರ್‌ಆರ್ ನಂಬರ್, ಅಂದರೆ ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ, ಇದ್ದರೆ ಬಾಡಿಗೆಯವರು ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಮನೆ ಬೇಗ ಹೋಗಲು ಇದೂ ಒಂದು ಕಾರಣವಾಗುತ್ತದೆ.

ಅಡ್ವಾನ್ಸ್ ನಿಮ್ಮ ದುಡ್ಡಲ್ಲ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ಬೆಂಗಳೂರಿನ ಹಳೇ ರೂಢಿ ಈಗ ಸಡಿಲವಾಗುತ್ತಿದೆ. ಎಷ್ಟೇ ತಗೊಂಡರೂ ಅದನ್ನು ಎಫ್‌ಡಿಯಲ್ಲಿಟ್ಟು ಬಡ್ಡಿ ಮಾತ್ರ ಮುಟ್ಟಿ. ಭೋಗ್ಯಕ್ಕೆ ಕೊಡುವವರಿಗೆ ಇದು ಇನ್ನೂ ಮುಖ್ಯ. ಲೀಸ್ ಅಂತಲೂ ಅನ್ನುವ ಈ ಪದ್ಧತಿಯಲ್ಲಿ ತಿಂಗಳ ಬಾಡಿಗೆ ಇಲ್ಲ, ಬದಲಿಗೆ ಎರಡು ಮೂರು ವರ್ಷಕ್ಕೆ ಒಂದೇ ಸಲ ದೊಡ್ಡ ಮೊತ್ತ, ಬಿಡುವಾಗ ಪೂರ್ತಿ ವಾಪಸ್. ಆ ದುಡ್ಡನ್ನು ಮಗಳ ಮದುವೆಗೋ ಕಾರಿಗೋ ಹಾಕಿದರೆ ಆಮೇಲೆ ಕೊಡಲು ಆಗುವುದಿಲ್ಲ, ಇನ್ನೊಬ್ಬರಿಂದ ತಗೊಂಡು ಇವರಿಗೆ ಕೊಡುವುದು ಶುರುವಾಗುತ್ತದೆ. ತಿಂಗಳ ಆದಾಯವೇ ಗುರಿಯಾದರೆ ಭೋಗ್ಯ ಬೇಡ.

ಹಂತ 7: ನಡೆಸಿಕೊಂಡು ಹೋಗುವುದು, ತೆರಿಗೆ

ಬಾಡಿಗೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಬಂದದ್ದರಲ್ಲಿ 10% ಅಲ್ಲೇ ಬಿಡಿ. ಸಂಪಿನ ಮೋಟರ್, ತಾರಸಿಯ ವಾಟರ್‌ಪ್ರೂಫಿಂಗ್, ಬಣ್ಣ ಇದರಲ್ಲೇ ಆಗಬೇಕು. ಸೋರುವ ಚಾವಣಿಯನ್ನು ಮಳೆಗಾಲಕ್ಕೆ ಮೊದಲೇ ಸರಿ ಮಾಡಿಸಿ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ. ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಗಿಂತ ದರ ಜಾಸ್ತಿ. ಸುಳ್ಳು ತೋರಿಸಿ ಆಮೇಲೆ ದಂಡ ಕಟ್ಟುವ ಕೆಲಸ ಬೇಡ.

ಆದಾಯ ತೆರಿಗೆ ಅಂದುಕೊಂಡಷ್ಟು ಭಾರವಲ್ಲ. ವರ್ಷದ ಬಾಡಿಗೆಯಿಂದ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆಯಿರಿ, ಉಳಿದದ್ದರಲ್ಲಿ 30% ಕಳೆಯಬಹುದು, ಅದಕ್ಕೆ ಬಿಲ್ಲು ಬೇಕಿಲ್ಲ. ಮೇಲಿನ ಫ್ಲಾಟಿನ ಲೆಕ್ಕ ತಗೊಳ್ಳಿ: 11 ತಿಂಗಳ ಬಾಡಿಗೆ 2.2 ಲಕ್ಷ, ಆಸ್ತಿ ತೆರಿಗೆ 8,000 ಹೋದರೆ 2.12 ಲಕ್ಷ, ಅದರ 30% ಅಂದರೆ 63,600. ತೆರಿಗೆ ಬೀಳುವುದು 1,48,400ಕ್ಕೆ ಮಾತ್ರ. ಸಾಲದ ಬಡ್ಡಿ ಇದ್ದರೆ ಅದನ್ನೂ ಇದರಿಂದ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಗಿಂತ ಜಾಸ್ತಿಯಾಗಿ ನಷ್ಟ ಬಂದರೆ, ಹೊಸ ತೆರಿಗೆ ಪದ್ಧತಿಯಲ್ಲಿ ಅದನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಬರುತ್ತದೆ. ಫ್ಲಾಟು ಮಾರುವವರು ಹೇಳುವ "ಟ್ಯಾಕ್ಸ್ ಉಳಿಯುತ್ತೆ" ಅನ್ನುವ ಮಾತು ನಿಮಗೆ ಅನ್ವಯಿಸುತ್ತಾ ಅಂತ ಇಲ್ಲಿ ನೋಡಿಕೊಳ್ಳಿ.

ತಿಂಗಳ ಬಾಡಿಗೆ 50,000 ಮೀರಿದರೆ ಬಾಡಿಗೆಯವರು 2% ಟಿಡಿಎಸ್ ಹಿಡಿಯಬೇಕು. ಮಾಲೀಕರು ಎನ್‌ಆರ್‌ಐ ಆಗಿದ್ದರೆ ಇಂಥ ಮಿತಿಯಿಲ್ಲ, ಬಾಡಿಗೆ ಎಷ್ಟೇ ಇದ್ದರೂ ಟಿಡಿಎಸ್ ಹಿಡಿಯಬೇಕು, ದರವೂ ಬಹಳ ಜಾಸ್ತಿ. ಕರಾರು ಮಾಡುವಾಗಲೇ ಬಾಡಿಗೆಯವರಿಗೆ ಇದನ್ನು ಹೇಳಿ, ಬಾಡಿಗೆ ನಿಮ್ಮ ಎನ್‌ಆರ್‌ಓ ಖಾತೆಗೆ, ಅಂದರೆ ಎನ್‌ಆರ್‌ಐಗಳು ಇಲ್ಲಿನ ಆದಾಯಕ್ಕೆಂದು ಇಟ್ಟುಕೊಳ್ಳುವ ಬ್ಯಾಂಕ್ ಖಾತೆಗೆ, ಬರುವ ಹಾಗೆ ಮಾಡಿ. ಜಾಸ್ತಿ ಹಿಡಿದದ್ದನ್ನು ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು.

ಎರಡು ವರ್ಷ ದಾಟಿದ ಮೇಲೆ ಆಸ್ತಿ ಮಾರಿದರೆ ಲಾಭದ ಮೇಲೆ 12.5% ತೆರಿಗೆ. ಮೇಲೆ ಮಹಡಿ ಕಟ್ಟಿದ ಖರ್ಚನ್ನು ಆಗ ಲಾಭದಿಂದ ಕಳೆಯಬಹುದು, ಆದರೆ ಪುರಾವೆ ಬೇಕು. ಹಾಗಾಗಿ ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ, ಮೇಸ್ತ್ರಿಗೆ ಕೊಡುವ ದುಡ್ಡೂ ಬ್ಯಾಂಕ್ ಮೂಲಕವೇ ಹೋಗಲಿ.